ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ? ವಾರಸಾ, ವಾಟ್ನಿ, ಹಕ್ಕು ಬಿಡೋದು ಮತ್ತು ವಕೀಲರ ಕೆಲಸ

ಬಾಗಲಕೋಟೆಯ ನವನಗರದಲ್ಲಿ ಒಬ್ಬ ವಕೀಲರ ಕಚೇರಿ. ನಾನು ಬೇರೆ ಏನೋ ಕೆಲಸಕ್ಕೆ ಹೋಗಿ ಕೂತಿದ್ದೆ. ಅರವತ್ತು ದಾಟಿದ ಹೆಣ್ಣುಮಗಳೊಬ್ಬರು ಒಳಗೆ ಬಂದರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟರು: ಒಂದು ಉತಾರ (ಹೊಲದ ಪಹಣಿ), ಆಧಾರ್ ಕಾರ್ಡಿನ ಝೆರಾಕ್ಸ್, ನಾಲ್ಕು ಮಡಿಕೆ ಮಾಡಿದ ಒಂದು ಬಾಂಡ್ ಕಾಗದ.

"ವಾರಸಾ ಮಾಡಿಸಾಕ ಒಂದು ಸಹಿ ಬೇಕಂತ್ರೀ. ನಾಳೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಾ ಅಂದಾರ ತಮ್ಮಂದಿರು. ಹೋಗೂಕಿಂತ ಮೊದಲ ಒಮ್ಮೆ ತೋರಿಸೂಣ ಅಂತ ಬಂದೆ."

ವಕೀಲರು ಕಾಗದವನ್ನು ಎರಡು ಸಲ ಓದಿದರು. "ಯಕ್ಕಾ, ಇದು ವಾರಸಾ ಅರ್ಜಿ ಅಲ್ರೀ. ನನ್ನ ಹಕ್ಕು ಬಿಟ್ಟೀನಿ ಅಂತ ಬರದಾರ ಇದರಾಗ."

"ಎರಡೂ ಒಂದ ಅಲ್ಲೇನ್ರೀ?"

ಅಲ್ಲ. ಆದರೆ ಹಾಗೆ ಅಂದುಕೊಂಡವರು ಅವರೊಬ್ಬರೇ ಅಲ್ಲ. ಓದಿದವರೂ ಈ ಎರಡನ್ನು ಕಲಸಿಕೊಳ್ಳುತ್ತಾರೆ.

ಇದ್ದಕ್ಕಿದ್ದ ಹಾಗೆ ಈಗ ಯಾಕೆ?

ಆ ಜಮೀನು ಇರೋದು ಆಲಮಟ್ಟಿ ಹಿನ್ನೀರಿನ ಕಡೆ. ಕೃಷ್ಣಾ ಮೇಲ್ದಂಡೆ ಯೋಜನೆಯ 3ನೇ ಹಂತದಲ್ಲಿ ಆಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಚನೆ ಸರ್ಕಾರದ್ದು. ಹಾಗೆ ಏರಿಸಿದರೆ 75 ಸಾವಿರ ಎಕರೆಗೂ ಜಾಸ್ತಿ ಜಮೀನು ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರದ ದರ ಹೇಳಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ.

ದರ ಹೊರಬಿದ್ದ ಮೇಲೆ ಊರಲ್ಲಿ ಎಲ್ಲರೂ ಉತಾರ ತೆಗೆಸಿ ನೋಡತೊಡಗಿದರು. ಎಷ್ಟೋ ಉತಾರಗಳಲ್ಲಿ ಹತ್ತು, ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡವರ ಹೆಸರೇ ಇದೆ. ಕೆಲವದರಲ್ಲಿ ಅಜ್ಜನ ಹೆಸರು. ಭೂಸ್ವಾಧೀನ ಅಧಿಕಾರಿ ಮೊದಲು ನೋಡೋದು ಆ ಹೆಸರನ್ನೇ. ಹೀಗಾಗಿ ಹೆಸರು ಬದಲಿಸುವ ಅವಸರ, ಆ ಅವಸರದಲ್ಲಿ ಅಕ್ಕ-ತಂಗಿಯರಿಗೆ ಫೋನು.

ಜಮೀನು ಹಿನ್ನೀರಿನ ಹತ್ತಿರ ಇಲ್ಲದವರಿಗೂ ಈ ಮಾತು ಬೇಕಾಗುತ್ತದೆ. ಬೆಳೆಸಾಲ ತೆಗೆಯುವಾಗ, ಹೊಲ ಮಾರುವಾಗ, ಹೆದ್ದಾರಿಗೆ ಜಾಗ ಹೋದಾಗ, ಬಾಗಲಕೋಟೆಯಲ್ಲಾಗಲಿ ವಿಜಯಪುರ, ಬೆಳಗಾವಿಯಲ್ಲಾಗಲಿ ಪ್ರಶ್ನೆ ಇದೇ: ಅಪ್ಪ ಹೋದ ಮೇಲೆ ಆಸ್ತಿ ಯಾರದು, ಮತ್ತು ಅದನ್ನು ಕಾಗದದ ಮೇಲೆ ತರೋದು ಹೇಗೆ?

ಉತಾರ ಅಂದರೆ ಏನು, ಏನಲ್ಲ

ಬೆಂಗಳೂರು, ಮೈಸೂರು ಕಡೆ ಪಹಣಿ ಅನ್ನೋದನ್ನೇ ನಮ್ಮ ಕಡೆ ಉತಾರ ಅಂತೀವಿ. ಸರ್ವೆ ನಂಬರ್, ಎಕರೆ-ಗುಂಟೆ, ಯಾರ ಹೆಸರಲ್ಲಿದೆ, ಯಾವ ಬೆಳೆ, ಬ್ಯಾಂಕಿನ ಬೋಜಾ (ಸಾಲದ ಭಾರ) ಇದೆಯಾ, ಎಲ್ಲ ಒಂದೇ ಹಾಳೆಯಲ್ಲಿ ಇರುತ್ತದೆ. ಕಂದಾಯ ಇಲಾಖೆ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ದಾಖಲೆ ಇದು.

ಉತಾರದಲ್ಲಿ ಹೆಸರಿದ್ದರೆ ಅದು ಸರಿ ಇದೆ ಅಂತಲೇ ಕಾನೂನು ಮೊದಲು ನಂಬುತ್ತದೆ, ತಪ್ಪು ಅಂತ ಯಾರಾದರೂ ತೋರಿಸುವವರೆಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳೋದು ಇಷ್ಟೇ. ಹೆಸರಿದ್ದ ಮಾತ್ರಕ್ಕೆ ಪೂರ್ತಿ ಮಾಲೀಕ ಅಂತ ಆಗೋದಿಲ್ಲ. ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕೂ ಹೋಗೋದಿಲ್ಲ.

ಮದುವೆ ಪತ್ರಿಕೆ ನೆನಪಿಸಿಕೊಳ್ಳಿ. ಕೆಳಗೆ 'ಸುಖಾಗಮನ ಬಯಸುವವರು' ಅಂತ ದೊಡ್ಡ ಪಟ್ಟಿ ಇರುತ್ತದೆ. ಅದರಲ್ಲಿ ಒಬ್ಬ ಕಾಕಾನ ಹೆಸರು ಬಿಟ್ಟುಹೋದರೆ ಅವನು ಕಾಕಾ ಅಲ್ಲದೆ ಹೋಗುತ್ತಾನಾ? ಇಲ್ಲ. ಆದರೆ ಜಗಳ ಮಾತ್ರ ಗ್ಯಾರಂಟಿ. ಉತಾರದಲ್ಲಿ ಬಿಟ್ಟುಹೋದ ಹೆಸರಿನ ಕಥೆಯೂ ಅದೇ.

ಮೂರು ಬೇರೆ ಬೇರೆ ಕೆಲಸ

ಮನೆಯಲ್ಲಿ ಪಂಕ್ತಿ ಊಟ ಅಂದುಕೊಳ್ಳಿ.

ಯಾರು ಯಾರು ಊಟಕ್ಕೆ ಕೂಡಬೇಕು ಅಂತ ಎಣಿಸಿ ಎಲೆ ಹಾಕೋದು ವಾರಸಾ. ಅಪ್ಪ ತೀರಿಕೊಂಡರು, ಅವರ ವಾರಸುದಾರರು ಇಂತಿಂಥವರು ಅಂತ ಎಲ್ಲರ ಹೆಸರನ್ನೂ ಉತಾರಕ್ಕೆ ತರೋದು. ಸರ್ಕಾರಿ ಕಾಗದದಲ್ಲಿ ಇದನ್ನು ಪೌತಿ ಖಾತೆ ಅಂತಾರೆ. ಇದಕ್ಕೆ ಮರಣ ಪ್ರಮಾಣಪತ್ರ, ವಂಶಾವಳಿ, ಅರ್ಜಿ ಬೇಕು. ನಾಡಕಚೇರಿಯಲ್ಲಿ ಕೊಡಬಹುದು. ಕಂದಾಯ ಇಲಾಖೆ ಇದಕ್ಕೆಂದೇ ಪೌತಿ ಆಂದೋಲನ ಅಂತ ಊರೂರಿಗೆ ಬರುತ್ತಿದೆ. ವಾರಸಾದಲ್ಲಿ ಯಾರೂ ಏನನ್ನೂ ಕಳೆದುಕೊಳ್ಳೋದಿಲ್ಲ. ಜಮೀನು ಇನ್ನೂ ಎಲ್ಲರದು, ಒಟ್ಟಾಗಿ.

ಎಲೆ ಎಲೆಗೆ ಬಡಿಸೋದು ವಾಟ್ನಿ. ಪುಸ್ತಕದ ಮಾತಲ್ಲಿ ವಿಭಾಗ. ಬಾವಿ ಕಡೆಯದು ದೊಡ್ಡವನಿಗೆ, ರಸ್ತೆ ಕಡೆಯದು ಸಣ್ಣವನಿಗೆ, ಮನೆ ಹಿಂದಿನ ಜಾಗ ಅಕ್ಕನಿಗೆ ಅಂತ ಗಡಿ ಹಾಕಿ ಬೇರೆ ಮಾಡೋದು.

ಎಲೆ ಬಿಟ್ಟು ಎದ್ದು ಹೋಗೋದು ಹಕ್ಕುಬಿಡುಗಡೆ. 'ನನ್ನ ಪಾಲು ನನಗೆ ಬೇಡ, ತಮ್ಮಂದಿರಿಗೇ ಇರಲಿ' ಅಂತ ಬರೆದು ನೋಂದಣಿ ಮಾಡಿಸಿದರೆ ಮುಗಿಯಿತು. ಆಮೇಲೆ ಹಸಿವಾಯಿತು ಅಂತ ಬಂದರೆ ಎಲೆ ಇರೋದಿಲ್ಲ. ಮೋಸದಿಂದ ಸಹಿ ಹಾಕಿಸಿದರು ಅಂತ ಕೋರ್ಟಿಗೆ ಹೋಗಬಹುದು. ಆದರೆ ಮೋಸ ಆಗಿದೆ ಅಂತ ತೋರಿಸುವ ಭಾರ ಸಹಿ ಹಾಕಿದವರ ಮೇಲೆಯೇ ಬೀಳುತ್ತದೆ.

ನವನಗರದ ಆ ಹೆಣ್ಣುಮಗಳ ಚೀಲದಲ್ಲಿದ್ದದ್ದು ಈ ಮೂರನೆಯದು. ಅಪ್ಪ ಸ್ವಂತ ದುಡಿದು ಕೊಂಡ 4 ಎಕರೆ ಒಣಬೇಸಾಯದ ಹೊಲ. ಅವ್ವನೂ ಇಲ್ಲ. ಮೂವರು ತಮ್ಮಂದಿರು, ಇವರೊಬ್ಬರು. ನಾಲ್ಕು ಪಾಲು ಮಾಡಿದರೆ ಇವರದು ಒಂದು ಎಕರೆ. ಸರ್ಕಾರ ಹೇಳಿದ ದರದಲ್ಲಿ ಅದು 30 ಲಕ್ಷ ರೂಪಾಯಿ. ಕಾಗದದಲ್ಲಿ ಅದಕ್ಕೆ ಬದಲಾಗಿ ಬರೆದಿದ್ದದ್ದು 'ಪ್ರೀತಿ ವಿಶ್ವಾಸದಿಂದ' ಅನ್ನೋ ಎರಡು ಶಬ್ದ.

ಹಕ್ಕು ಬಿಡಬಾರದು ಅಂತ ನಾನು ಹೇಳುತ್ತಿಲ್ಲ. ತವರುಮನೆ ಉಳಿಯಲಿ ಅಂತ ಗೊತ್ತಿದ್ದೇ, ಮನಸ್ಸಿನಿಂದಲೇ ಬಿಡುವವರು ಬೇಕಾದಷ್ಟು ಜನ ಇದ್ದಾರೆ. ಅದು ಅವರ ಇಷ್ಟ. ಗೊತ್ತಿಲ್ಲದೆ ಬಿಡೋದು ಬೇರೆ ಮಾತು, ಅಲ್ವಾ?

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತಲಾಠಿ ಮುಂದೆ (ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ) 'ನಮ್ಮ ಹೆಸರು ಬೇಡ' ಅಂತ ಅಕ್ಕ-ತಂಗಿಯರು ಬರೀ ಒಂದು ಹೇಳಿಕೆ ಬರೆದುಕೊಟ್ಟಿರುತ್ತಾರೆ. ಅಂಥ ಹೇಳಿಕೆಯಿಂದ ಉತಾರದ ಹೆಸರು ಬದಲಾಗಿರಬಹುದು. ಜಮೀನಿನ ಹಕ್ಕು ಅಷ್ಟಕ್ಕೇ ಹೋಗೋದಿಲ್ಲ. ಸ್ಥಿರ ಆಸ್ತಿಯ ಹಕ್ಕು ಬಿಡಬೇಕಾದರೆ ಪತ್ರ ನೋಂದಣಿ ಆಗಲೇಬೇಕು. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಹೇಳಿಕೆ ಕೊಟ್ಟವರಿಗೂ, ಅದನ್ನೇ ನಂಬಿಕೊಂಡು ಕೂತ ಅಣ್ಣ-ತಮ್ಮಂದಿರಿಗೂ ಈಗ ವಕೀಲರು ಬೇಕು.

ಯಾರಿಗೆ ಎಷ್ಟು ಪಾಲು?

ಜಗಳ ಜಾಸ್ತಿ ಆಗೋದೇ ಇಲ್ಲಿ. ಸ್ವಲ್ಪ ನಿಧಾನಕ್ಕೆ ನೋಡೋಣ.

ಮೊದಲು ಯಾವ ಕಾಯ್ದೆ ಅನ್ನೋದು. ಹಿಂದೂಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಜೈನರು, ಬೌದ್ಧರು, ಸಿಖ್ಖರಿಗೂ ಅದೇ. ಧರ್ಮದ ಚರ್ಚೆ ಏನೇ ಇರಲಿ, ಆಸ್ತಿ ಹಂಚಿಕೆಯ ಮಟ್ಟಿಗೆ ಈಗ ಇರುವ ಕಾನೂನು ಇದು.

ಆಮೇಲೆ ಆಸ್ತಿ ಎಲ್ಲಿಂದ ಬಂತು ಅನ್ನೋದು. ಅಪ್ಪ ಸ್ವಂತ ಗಳಿಸಿದ್ದಾ, ಹಿರಿಯರಿಂದ ಬಂದದ್ದಾ?

ಸ್ವಂತ ಗಳಿಸಿದ್ದರ ಲೆಕ್ಕ ಸುಲಭ. ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇನ್ನೂ ಇದ್ದರೆ ಅವರು, ಇಷ್ಟೂ ಜನಕ್ಕೆ ಸಮ ಪಾಲು. 8 ಎಕರೆ ಇದೆ, ಹೆಂಡತಿ, ಇಬ್ಬರು ಗಂಡು, ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ತಲಾ 2 ಎಕರೆ. ಅಜ್ಜಿ ಇದ್ದರೆ ಐದು ಪಾಲು. ಒಬ್ಬ ಮಗ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಅವನ ಒಂದು ಪಾಲು ಅವನ ಹೆಂಡತಿ ಮಕ್ಕಳಿಗೆ. ಮಗಳ ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಇಲ್ಲ. 'ಮದುವಿಗೆ ಖರ್ಚು ಮಾಡೀವಲ್ಲ, ಬಂಗಾರ ಹಾಕೀವಲ್ಲ' ಅನ್ನೋ ಮಾತು ಊರ ಪಂಚಾಯ್ತಿಯಲ್ಲಿ ನಡೆಯಬಹುದು, ಪಾಲಿನ ಲೆಕ್ಕದಲ್ಲಿ ನಡೆಯೋದಿಲ್ಲ.

ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಮೊದಲು ಈ ಮಾತು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಅಲ್ಲಿವರೆಗೆ ಮದುವೆ ಆಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಬಂತು. ಆದರೂ ಒಂದು ಗೊಂದಲ ಉಳಿದಿತ್ತು. 2005ಕ್ಕಿಂತ ಮೊದಲೇ ಅಪ್ಪ ತೀರಿಕೊಂಡಿದ್ದರೆ? 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿತು. ಹಕ್ಕು ಹುಟ್ಟಿನಿಂದ ಬಂದದ್ದು, 2005ರ ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ (ಕೋರ್ಟಿನ ತೀರ್ಮಾನದ ಆದೇಶ) ವಾಟ್ನಿ ಆಗಿಹೋಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ.

ಅಜ್ಜನಿಂದ ಬಂದದ್ದೆಲ್ಲ ಹಿರಿಯರ ಆಸ್ತಿ ಅಂತ ಕಣ್ಣುಮುಚ್ಚಿ ಹೇಳಲೂ ಬರೋದಿಲ್ಲ. ಅಜ್ಜ ತೀರಿಕೊಂಡದ್ದು 1956ರ ಜೂನ್ 17ಕ್ಕೆ, ಅಂದರೆ ಕಾಯ್ದೆ ಬಂದ ದಿನಕ್ಕೆ, ಮೊದಲೋ ಆಮೇಲೋ ಅನ್ನೋದರ ಮೇಲೂ ಲೆಕ್ಕ ಬದಲಾಗಬಹುದು. ನಮ್ಮ ಮೂರೂ ಜಿಲ್ಲೆ ಮೊದಲು ಮುಂಬೈ ಪ್ರಾಂತದಲ್ಲಿದ್ದವು. ಆ ಕಡೆಯ ಹಳೆಯ ಹಿಂದೂ ಕಾನೂನಿನ ಪದ್ಧತಿಯಲ್ಲಿ ಅಪ್ಪ-ಮಕ್ಕಳ ನಡುವೆ ವಾಟ್ನಿ ಆಗುವಾಗ ಅವ್ವನಿಗೂ ಒಂದು ಪಾಲು ಇಡುತ್ತಿದ್ದರು. ಹಳೆ ಮದರಾಸು ಪ್ರಾಂತದ ಕಡೆ ಆ ರೂಢಿ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಯಾರೋ ಯೂಟ್ಯೂಬಿನಲ್ಲಿ ಹೇಳಿದ ಲೆಕ್ಕ ನಮ್ಮ ಹೊಲಕ್ಕೆ ಕೂಡುತ್ತದೆ ಅಂತ ಹೇಳಲಾಗದು. ಈ ಒಂದು ಲೆಕ್ಕಕ್ಕಾದರೂ ವಕೀಲರಿಗೆ ಫೀ ಕೊಟ್ಟರೆ ನಷ್ಟ ಇಲ್ಲ ಅಂತ ನನ್ನ ಅನಿಸಿಕೆ.

ಮುಸ್ಲಿಂ ಕುಟುಂಬಗಳಿಗೆ ಬೇರೆ ಕಾನೂನು. ಅಲ್ಲಿ ಹುಟ್ಟಿನಿಂದ ಬರುವ ಹಕ್ಕು ಇಲ್ಲ, ಮನುಷ್ಯ ತೀರಿಕೊಂಡ ಮೇಲೇ ವಾರಸಾ ಶುರು. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಮಗನಿಗೆ ಎರಡಾದರೆ ಮಗಳಿಗೆ ಒಂದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರನೇ ಒಂದು, ಉಳಿದದ್ದು ಗಂಡು ಹೆಣ್ಣು ಅನ್ನದೆ ಮಕ್ಕಳಿಗೆ ಸಮ.

ವಕೀಲರ ಕಚೇರಿಗೆ ಏನು ಒಯ್ಯಬೇಕು?

ಬಹಳ ಜನಕ್ಕೆ ವಕೀಲರು ಅಂದರೆ ಕೋರ್ಟು, ಕೋರ್ಟು ಅಂದರೆ ಜಗಳ. ಆದರೆ ನಮ್ಮ ಊರ ವಕೀಲರ ಕಚೇರಿಯಲ್ಲಿ ಅರ್ಧಕ್ಕರ್ಧ ಕೆಲಸ ಕಾಗದ ಓದೋದು ಮತ್ತು ಬರೆಯೋದೇ. ಡಾಕ್ಟರ ಹತ್ತಿರ ಹೋದರೆ ಮೊದಲ ದಿನವೇ ಆಪರೇಷನ್ ಮಾಡೋದಿಲ್ಲ, ಅಲ್ವಾ? ಹಾಗೆ.

ಮೊದಲ ಭೇಟಿಗೆ ಈಗಿನ ಉತಾರದ ಜೊತೆ ಹಳೆಯವೂ ಬೇಕು, ಕೈಬರಹದವು ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರು ಯಾವಾಗ, ಯಾವ ಕಾರಣಕ್ಕೆ ಬದಲಾಯಿತು ಅನ್ನೋ ಮ್ಯುಟೇಶನ್ ಪ್ರತಿ ಬೇಕು. ಹೊಲ ಹೇಗೆ ಬಂತು ಅನ್ನೋ ಖರೀದಿ ಪತ್ರವೋ ಹಳೆ ವಾಟ್ನಿ ಪತ್ರವೋ ಇರಬಹುದು, ಹುಡುಕಿ. ತೀರಿಕೊಂಡವರ ಮರಣ ಪ್ರಮಾಣಪತ್ರ, ವಂಶಾವಳಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ (ಇಸಿ). ಹೆಸರುಗಳನ್ನು ನೀವೇ ಒಮ್ಮೆ ಕೂಡಿಸಿ ನೋಡಿ. ಉತಾರದಲ್ಲಿ 'ಬಸಪ್ಪ', ಆಧಾರದಲ್ಲಿ 'ಬಸವರಾಜ' ಅಂತ ಇದ್ದರೆ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ.

ವಂಶಾವಳಿಯಲ್ಲಿ ಅಕ್ಕ-ತಂಗಿಯರ ಹೆಸರು ಬಿಟ್ಟು ಬರೆಸುವವರು ಇದ್ದಾರೆ. ವಂಶಾವಳಿ ಜೊತೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಸುಳ್ಳು ಹೇಳಿದ್ದು ಗೊತ್ತಾದರೆ ಕ್ರಿಮಿನಲ್ ಕೇಸು ಬೀಳಬಹುದು. ವಕೀಲರು ಈ ಹಾಳೆಯನ್ನೇ ಮೊದಲು ಕೇಳೋದು ಇದಕ್ಕಾಗಿ.

ಮನೆಯಲ್ಲೇ ಮಾತು ಮುಗಿದರೆ

ಎಲ್ಲರೂ ಒಪ್ಪಿದರೆ ವಕೀಲರು ವಾಟ್ನಿ ಪತ್ರ ಬರೆಯುತ್ತಾರೆ. ಬಾಂಡ್ ಕಾಗದದ ಮೇಲೆ ಬರೆದು, ಊರ ಹಿರಿಯರ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟರೆ ಆಯಿತು ಅನ್ನೋ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಜಮೀನು ಪಾಲು ಮಾಡುವ ಪತ್ರ ನೋಂದಣಿ ಆಗದಿದ್ದರೆ ಕೋರ್ಟಿನಲ್ಲಿ ಅದಕ್ಕೆ ಬಲ ಇಲ್ಲ. ಸಹಿ ಹಾಕಿದ ದಿನದಿಂದ 4 ತಿಂಗಳೊಳಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಒಯ್ಯಬೇಕು. ಒಂದೇ ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಮೊದಲು ಸರ್ವೆಯವರಿಂದ 11ಇ ನಕ್ಷೆ (ತುಂಡು ಮಾಡುವ ಭಾಗ ತೋರಿಸುವ ನಕ್ಷೆ) ಮಾಡಿಸಿಕೊಳ್ಳಬೇಕು. ನೋಂದಣಿ ಆದ ಮೇಲೆ ಮಾಹಿತಿ ಕಂಪ್ಯೂಟರಿನಲ್ಲೇ ಕಂದಾಯ ಇಲಾಖೆಗೆ ಹೋಗಿ ಉತಾರದಲ್ಲಿ ಹೆಸರು ಬದಲಾಗುತ್ತದೆ.

ಪತ್ರದಲ್ಲಿ ಎಕರೆ ಬರೆದರೆ ಸಾಲದು. ಬಾವಿ ನೀರು ಯಾರಿಗೆ ಯಾವ ದಿನ, ಬಂಡಿ ದಾರಿ ಎಲ್ಲಿ, ಬದುವಿನ ಮೇಲಿನ ಬೇವಿನ ಮರ ಯಾರದು, ಬ್ಯಾಂಕಿನ ಬೋಜಾ ಯಾರು ತೀರಿಸಬೇಕು, ಮುಂದೆ ಸರ್ಕಾರದ ಪರಿಹಾರ ಬಂದರೆ ಹೇಗೆ ಹಂಚಬೇಕು, ಎಲ್ಲವೂ ಇರಬೇಕು. ಅನುಭವ ಇರುವ ವಕೀಲರು ಇಂಥವನ್ನು ಕೆದಕಿ ಕೇಳುತ್ತಾರೆ. ಕೇಳಿದಾಗ ಬೇಜಾರಾಗಬೇಡಿ. ಬಂಡಿ ದಾರಿಯ ಒಂದು ಸಾಲು ಬಿಟ್ಟುಹೋದ ಕಾರಣಕ್ಕೇ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ.

ಪರಿಹಾರದ ಓಡಾಟಕ್ಕೆ ಒಬ್ಬರಿಗೆ ವಟಮುಖತ್ಯಾರ (ನಮ್ಮ ಪರವಾಗಿ ಕೆಲಸ ಮಾಡುವ ಅಧಿಕಾರದ ಪತ್ರ) ಬರೆದುಕೊಡುವ ರೂಢಿಯೂ ಇದೆ. ಎಲ್ಲರೂ ಕಚೇರಿಗೆ ಅಲೆಯೋದು ತಪ್ಪುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಅದರಲ್ಲಿ ಬರೀ ಓಡಾಡುವ ಅಧಿಕಾರ ಇದೆಯಾ, ಮಾರುವ ಮತ್ತು ಹಣ ತೆಗೆದುಕೊಳ್ಳುವ ಅಧಿಕಾರವೂ ಇದೆಯಾ ಅಂತ ಓದಿಸಿ ಕೇಳಿ.

ಮುಗಿಯದಿದ್ದರೆ

ಮೊದಲು ಹೋಗೋದು ವಕೀಲರ ನೋಟಿಸು. ನೋಟಿಸು ಬಂತು ಅಂದರೆ ಕೇಸು ಆಯಿತು ಅಂತಲ್ಲ. 'ನನ್ನ ಪಾಲು ಇಷ್ಟು, ಕೊಡಿ' ಅಂತ ಕಾಗದದಲ್ಲಿ ಕೇಳುವ ರೀತಿ ಅಷ್ಟೇ. ಆದರೆ ಸಿಟ್ಟಿನಲ್ಲಿ ವಾಪಸ್ ಕಳಿಸಬೇಡಿ, ಸುಮ್ನೆ ಕೂಡಲೂ ಬೇಡಿ. ಉತ್ತರ ಕೊಡಿಸಿ.

ಅದಕ್ಕೂ ಬಗೆಹರಿಯದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಾಟ್ನಿ ದಾವೆ. 'ಕೋಟಿ ರೂಪಾಯಿ ಆಸ್ತಿ, ಕೋರ್ಟ್ ಫೀ ಲಕ್ಷಗಟ್ಟಲೆ ಆದೀತು' ಅಂತ ಹೆದರುವವರು ಜಾಸ್ತಿ. ಒಟ್ಟಾಗಿ ಅನುಭವಿಸುತ್ತಿರುವ ಆಸ್ತಿಯಲ್ಲಿ ಪಾಲು ಕೇಳುವ ದಾವೆಗೆ 1958ರ ಕರ್ನಾಟಕ ಕೋರ್ಟ್ ಫೀ ಕಾಯ್ದೆ ಇಟ್ಟದ್ದು ಹೆಚ್ಚೆಂದರೆ 200 ರೂಪಾಯಿ. ನಿಮ್ಮನ್ನು ಪೂರ್ತಿ ಹೊರಗಿಟ್ಟಿದ್ದಾರೆ ಅಂತಾದರೆ ಮಾತ್ರ ಬೆಲೆಗೆ ತಕ್ಕಂತೆ ಏರುತ್ತದೆ.

ದುಡ್ಡಿಗಿಂತ ಜಾಸ್ತಿ ತಗಲೋದು ಕಾಲ. ವಾಟ್ನಿ ದಾವೆಗೆ ಎರಡು ಮೆಟ್ಟಿಲು. ಯಾರಿಗೆ ಎಷ್ಟು ಪಾಲು ಅಂತ ಕೋರ್ಟ್ ಹೇಳೋದು ಪ್ರಾಥಮಿಕ ಡಿಕ್ರಿ. ಅದು ಕೈಗೆ ಬಂದಾಗ ಗೆದ್ದೆವು ಅಂತ ಪೇಢೆ ಹಂಚುವವರಿದ್ದಾರೆ. ಆದರೆ ನಿಮ್ಮ ಪಾಲು ಹೊಲದ ಯಾವ ಕಡೆ ಅನ್ನೋದು ಅಂತಿಮ ಡಿಕ್ರಿಯಲ್ಲಿ ಬರುತ್ತದೆ. ಕಂದಾಯ ಕಟ್ಟುವ ಜಮೀನಾದರೆ ಗಡಿ ಹಾಕಿ ಕೊಡುವ ಕೆಲಸ ಜಿಲ್ಲಾಧಿಕಾರಿ ಕಡೆಯಿಂದ ಆಗಬೇಕು. ಮೊದಲ ಡಿಕ್ರಿ ಆದ ಮೇಲೆ ಕೋರ್ಟೇ ಮುಂದುವರಿಸಬೇಕು, ಜನ ಇನ್ನೊಂದು ಅರ್ಜಿ ಹಾಕಲಿ ಅಂತ ಕಾಯಬಾರದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪೀಲು ಮೇಲಕ್ಕೆ ಹೋದರೆ ಬಾಗಲಕೋಟೆ, ಬೆಳಗಾವಿಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ಕೃಷ್ಣೆಯ ಆಚೆ-ಈಚೆ ಹೊಲ ಇರುವ ಅಣ್ಣ-ತಮ್ಮಂದಿರು ಎರಡೂ ಊರಿಗೆ ಬಸ್ ಹತ್ತಬೇಕಾಗಬಹುದು!

ದಾವೆ ನಡೆಯುವಾಗ ಯಾರಾದರೂ ಹೊಲ ಮಾರಿದರೆ? ಕೊಂಡವರೂ ಕೊನೆಯ ತೀರ್ಪಿಗೆ ಕಟ್ಟುಬೀಳುತ್ತಾರೆ. ಮಾರಾಟವನ್ನೇ ತಡೆಯಬೇಕಾದರೆ ತಡೆಯಾಜ್ಞೆ ಕೇಳಬೇಕು.

ಭೂಸ್ವಾಧೀನದ ಪರಿಹಾರದಲ್ಲಿ ತಕರಾರಿದ್ದರೆ ಅಧಿಕಾರಿಗೆ ಲಿಖಿತವಾಗಿ ಆಕ್ಷೇಪಣೆ ಕೊಡಬೇಕು, ಸ್ವೀಕೃತಿ ತೆಗೆದುಕೊಳ್ಳಬೇಕು. ಯಾರಿಗೆ ಎಷ್ಟು ಅನ್ನೋದೇ ಜಗಳವಾದರೆ ಹಣವನ್ನು ಭೂಸ್ವಾಧೀನದ ತಕರಾರು ನೋಡುವ ಪ್ರಾಧಿಕಾರದಲ್ಲಿ ಠೇವಣಿ ಇಡಲು 2013ರ ಭೂಸ್ವಾಧೀನ ಕಾಯ್ದೆಯಲ್ಲಿ ದಾರಿ ಇದೆ. ದರ ಕಡಿಮೆ ಆಯಿತು ಅನ್ನುವವರಿಗೂ ಗಡುವು ಇದೆ. ಐತೀರ್ಪು (ಪರಿಹಾರ ಗೊತ್ತುಮಾಡುವ ಅಧಿಕಾರಿಯ ಆದೇಶ) ಆಗುವಾಗ ಎದುರಿಗೆ ಇದ್ದವರಿಗೆ 6 ವಾರ ಮಾತ್ರ. ಒಪ್ಪಿಗೆಯ ಐತೀರ್ಪಿಗೆ ಸಹಿ ಹಾಕಿದ ಮೇಲೆ ಜಾಸ್ತಿ ಕೇಳುವ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ಅದೂ ಒಂದು ಸಹಿಯೇ, ನೋಡಿ.

ಬ್ಯಾಂಕಿನ ಹಣ, ನಾಮಿನಿ

ಅಪ್ಪನ ಠೇವಣಿಗೆ ಸಣ್ಣ ತಮ್ಮ ನಾಮಿನಿ. ಹಾಗಾದರೆ ಹಣ ಅವನದಾ? ಅಲ್ಲ. ನಾಮಿನಿ ಅಂದರೆ ಜಾತ್ರೆಗೆ ಹೋಗುವಾಗ ಮನೆ ಕೀಲಿ ಕೊಟ್ಟುಹೋದ ನೆರೆಯವನ ಹಾಗೆ. ಕೀಲಿ ಅವನ ಕೈಯಲ್ಲಿ, ಮನೆ ಅವನದಲ್ಲ. ಬ್ಯಾಂಕು ಅವನಿಗೆ ಹಣ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅವನು ವಾರಸುದಾರರಿಗೆ ಹಂಚಬೇಕು. ನಾಮಿನಿಯೇ ಇಲ್ಲದೆ ಮೊತ್ತ ದೊಡ್ಡದಿದ್ದರೆ ಬ್ಯಾಂಕು ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತದೆ. ಇದು ಹಣ, ಷೇರು, ಬಾಂಡುಗಳಿಗೆ. ಹೊಲಕ್ಕೆ ಇದು ಬೇಕಿಲ್ಲ.

ಬದುಕಿದ್ದಾಗಲೇ ಬರೆದಿಡೋದು

ಮೃತ್ಯುಪತ್ರಕ್ಕೆ ಬಾಂಡ್ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಬಿಳಿ ಹಾಳೆ ಸಾಕು, ಆದರೆ ಇಬ್ಬರು ಸಾಕ್ಷಿ ಬೇಕೇಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ತಮ್ಮ ಪಾಲಿನದನ್ನು ಮಾತ್ರ ಬರೆಯಬಹುದು, ಮಕ್ಕಳ ಪಾಲನ್ನೂ ಸೇರಿಸಿ ಬರೆಯಲು ಬರೋದಿಲ್ಲ. ಮುಸ್ಲಿಮರು ವಾರಸುದಾರರಲ್ಲದವರಿಗೆ ಮೂರನೇ ಒಂದು ಪಾಲಿನವರೆಗೆ ಬರೆಯಬಹುದು. ನೋಂದಣಿ ಮಾಡಿಸಿದರೆ ಆಮೇಲೆ 'ಇದು ಅಪ್ಪನ ಸಹಿಯೇ ಅಲ್ಲ' ಅನ್ನೋ ಮಾತಿಗೆ ಸ್ವಲ್ಪ ಕಡಿವಾಣ ಬೀಳುತ್ತದೆ.

ಬಕ್ಷೀಸ್ ಪತ್ರ (ದಾನಪತ್ರ) ಬೇರೆ. ಅದು ಇವತ್ತೇ ಕೊಟ್ಟುಬಿಡೋದು. ವಯಸ್ಸಾದವರು ಮಗನಿಗೆ ಮನೆ ಬಕ್ಷೀಸ್ ಕೊಟ್ಟು, ಆಮೇಲೆ ಅದೇ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕಾಯೋದನ್ನು ನೋಡಿದ್ದೇವೆ. ಪತ್ರದಲ್ಲಿ 'ನನ್ನನ್ನು ಕೊನೆವರೆಗೆ ನೋಡಿಕೊಳ್ಳಬೇಕು' ಅನ್ನೋ ಷರತ್ತು ಬರೆಸಿ. ಆ ಸಾಲಿದ್ದು ಮಗ ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ ಆ ಪತ್ರ ರದ್ದು ಮಾಡಿಸಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶವನ್ನೂ ಅಲ್ಲೇ ಕೇಳಬಹುದು.

ಗಂಡ-ಹೆಂಡತಿ ನಡುವಿನ ವ್ಯಾಜ್ಯ ದೊಡ್ಡ ವಿಷಯ, ಇಲ್ಲಿ ಹಿಡಿಸೋದಿಲ್ಲ. ಅದಕ್ಕೆ ಕೌಟುಂಬಿಕ ನ್ಯಾಯಾಲಯ ಬೇರೆ ಇದೆ. ಹೆಂಡತಿ-ಮಕ್ಕಳ ಜೀವನಾಂಶಕ್ಕೆ ಎಲ್ಲರ ಬಾಯಲ್ಲಿದ್ದ '125', ಅಂದರೆ ಹಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ನಂಬರು ಬದಲಾಗಿದೆ, ಹಕ್ಕು ಹಾಗೇ ಇದೆ.

ಫೀ ಮಾತು

ಇದನ್ನು ಕೇಳಲು ನಾಚಿಕೆ ಬೇಡ. ಪತ್ರ ಬರೆಯಲು ಎಷ್ಟು, ನೋಟಿಸಿಗೆ ಎಷ್ಟು, ದಾವೆಗೆ ಎಷ್ಟು, ಮುದ್ರಾಂಕ ಮತ್ತು ನೋಂದಣಿ ಖರ್ಚು ಬೇರೆಯಾ ಅಂತ ಮೊದಲೇ ಮಾತಾಡಿ, ರಸೀದಿ ಕೇಳಿ. 'ಪರಿಹಾರ ಬಂದ ಮೇಲೆ ನೂರಕ್ಕೆ ಹತ್ತು ಕೊಡ್ರಿ ಸಾಕು' ಅನ್ನೋ ಮಾತು ಕೇಳಲು ಚೆನ್ನಾಗಿರುತ್ತದೆ. ಆದರೆ ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳೋದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ವಕೀಲರನ್ನು ಬದಲಿಸಬೇಕಾದರೆ ನಿಮ್ಮ ಫೈಲು ನಿಮಗೆ ವಾಪಸ್ ಬರಬೇಕು. ಫೀ ಬಾಕಿ ಇದೆ ಅಂತ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಣವೇ ಇಲ್ಲದವರಿಗೆ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕಿನಲ್ಲಿ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಅದೇ ಪ್ರಾಧಿಕಾರ ಲೋಕ ಅದಾಲತ್ ನಡೆಸುತ್ತದೆ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್, ಆ ತೀರ್ಮಾನಕ್ಕೆ ಡಿಕ್ರಿಯ ಬೆಲೆ. ಅದರ ಮೇಲೆ ಅಪೀಲು ಮಾತ್ರ ಇಲ್ಲ, ಹಾಗಾಗಿ ಅಲ್ಲೂ ಓದಿಸಿ ಕೇಳಿಯೇ ಸಹಿ ಹಾಕಬೇಕು.

ಆ ದಿನ ನವನಗರದಲ್ಲಿ ವಕೀಲರು ದಾವೆ ಹಾಕಿ ಅಂತಲೂ ಹೇಳಲಿಲ್ಲ, ಸಹಿ ಹಾಕಬೇಡಿ ಅಂತಲೂ ಹೇಳಲಿಲ್ಲ. ಒಂದು ಹಾಳೆ ತೆಗೆದು ನಾಲ್ಕು ಮನೆ ಬರೆದು, ಒಂದೊಂದರೊಳಗೆ ಒಂದೊಂದು ಹೆಸರು ಹಾಕಿ ಅವರ ಕಡೆ ತಿರುಗಿಸಿದರು. ಆ ಹೆಣ್ಣುಮಗಳು ಕನ್ನಡಕ ಸರಿ ಮಾಡಿಕೊಂಡು ತಮ್ಮ ಹೆಸರಿದ್ದ ಮನೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ದೊಡ್ಡ ತಮ್ಮಗ ಹಚ್ಚಿ ಕೊಡಪಾ."

ಹಚ್ಚಿಕೊಟ್ಟೆ.

"ನಾಳೆ ನಾ ಅಲ್ಲಿಗೆ ಬರಂಗಿಲ್ಲೋ. ನೀವು ಮೂರೂ ಮಂದಿ ಇಲ್ಲಿಗೆ ಬರ್ರಿ. ಊಟ ಮಾಡೇ ಬರ್ರಿ, ಹೊತ್ತು ಆಕ್ಕೈತಿ."

ಬಾಂಡ್ ಕಾಗದ ಅದೇ ನಾಲ್ಕು ಮಡಿಕೆಯಲ್ಲಿ ಸೀರೆ ಚೀಲಕ್ಕೆ ವಾಪಸ್ ಹೋಯಿತು.